ಹತ್ತು ಕುಚ್ಚು, ಒಂದು ಹಸಿರು ಮೀಸೆ

ನನ್ನದು ಸಾಗರದಲ್ಲಿ ಮೋಟಾರು ರಿವೈಂಡಿಂಗ್ ಅಂಗಡಿ. ಸುಟ್ಟ ಪಂಪ್‌ಸೆಟ್ ಬಂದರೆ ಬಿಚ್ಚುವ ಮೊದಲೇ ಎಷ್ಟು ಸುತ್ತು, ಯಾವ ಗೇಜು, ತಂತಿ ಎಷ್ಟು ತೂಕ ಅಂತ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುವುದು ಅಭ್ಯಾಸ. ಅದೇ ನೋಟ್‌ಬುಕ್ಕಿನ ಹಿಂದಿನ ಪುಟಗಳಲ್ಲಿ ಈ ಸಲ ನನ್ನ ನರೆತ ತಲೆಗೆ ಬಣ್ಣ ಹಾಕಿದ ಲೆಕ್ಕ ಸೇರಿಕೊಂಡಿದೆ. ಅದನ್ನೇ ಸ್ವಲ್ಪ ಬಿಡಿಸಿ ಬರೆಯುತ್ತಿದ್ದೇನೆ.

ಶುರುವಾಗಿದ್ದು ತುರಿಕೆಯಿಂದ. ಐದಾರು ವರ್ಷದಿಂದ ಕಟಿಂಗ್ ಶಾಪಿನಲ್ಲಿ ಡೈ ಹಚ್ಚಿಸಿಕೊಳ್ಳುತ್ತಿದ್ದೆ. ಏನೂ ಆಗಿರಲಿಲ್ಲ. ಫೆಬ್ರವರಿಯಲ್ಲಿ ಒಂದು ದಿನ ಯಾರೋ ಹೇಳಿದರೆಂದು 'ಕಪ್ಪು ಮೆಹಂದಿ' ಅಂತ ಬರೆದಿದ್ದ ಪೊಟ್ಟಣ ತಂದು ಮನೆಯಲ್ಲೇ ಹಚ್ಚಿಕೊಂಡೆ. ಮೆಹಂದಿ ಅಂದಮೇಲೆ ಸೊಪ್ಪು ತಾನೇ, ಏನಾಗುತ್ತೆ ಅಂತ ಧೈರ್ಯ. ಮಾರನೇ ದಿನ ಹಣೆಯ ಅಂಚು, ಕಿವಿಯ ಹಿಂದೆ ಕೆಂಪಗೆ ದದ್ದು. ಮೂರನೇ ದಿನ ಕಣ್ಣಿನ ರೆಪ್ಪೆ ಊದಿ ಇಡ್ಲಿ ಆಗಿತ್ತು. ಚರ್ಮದ ಡಾಕ್ಟರು ಪೊಟ್ಟಣದ ಹಿಂಬದಿ ಓದಿ ಒಂದು ಹೆಸರಿನ ಕೆಳಗೆ ಗೆರೆ ಎಳೆದರು. ಪ್ಯಾರಾ ಫಿನೈಲೀನ್ ಡೈಅಮೀನ್, ಚಿಕ್ಕದಾಗಿ ಪಿಪಿಡಿ. ಅಂಗಡಿಯ ಡೈಗಳಲ್ಲೂ ಹೆಚ್ಚಾಗಿ ಅದೇ ಇರುತ್ತದಂತೆ. ವರ್ಷಗಟ್ಟಲೆ ಸುಮ್ಮನಿದ್ದ ಮೈ ಒಂದು ದಿನ ತಿರುಗಿ ಬೀಳುತ್ತದೆ, ಆಮೇಲೆ ಸಾಮಾನ್ಯವಾಗಿ ಜೀವನಪೂರ್ತಿ ಒಗ್ಗುವುದಿಲ್ಲ ಎಂದರು. ಅಲ್ಲಿಗೆ ಡೈ ಕಥೆ ಮುಗಿಯಿತು.

ಹಾಗಂತ ಬಿಳಿ ತಲೆಯಲ್ಲಿ ಇರುವ ಮನಸ್ಸೂ ಇರಲಿಲ್ಲ. ಮೇ ಕೊನೆಗೆ ತಂಗಿಯ ಮಗನ ಉಪನಯನ. ಸೋದರಮಾವ ನಾನು. ಫೋಟೋದಲ್ಲಿ ಅಜ್ಜನ ಹಾಗೆ ಕಾಣುವುದು ಬೇಡ ಅಂತ ಆಸೆ. ಏಪ್ರಿಲ್ 12ಕ್ಕೆ ಹೊಸ ಪುಟ ತೆಗೆದೆ.

ಮೊದಲ ಯೋಚನೆ ಬೇರೆಯೇ ಇತ್ತು. ದುಡ್ಡು ಕೊಡದೆ ಮನೆಯಲ್ಲಿರುವುದರಲ್ಲೇ ಮುಗಿಸಬೇಕು ಅಂತ. ನಮ್ಮ ಕಡೆ ಬಣ್ಣಕ್ಕೇನು ಬರ? ಸುಗ್ಗಿಯಲ್ಲಿ ಅಡಿಕೆ ಬೇಯಿಸಿ ಉಳಿದ ಕೆಂಪು ನೀರು, ಅಂದರೆ ಚೊಗರು, ಡಬ್ಬಿಗಟ್ಟಲೆ ಇರುತ್ತದೆ. ಇಲ್ಲೇ ಹೆಗ್ಗೋಡಿನ ಹತ್ತಿರ ಭೀಮನಕೋಣೆಯಲ್ಲಿ ಚರಕ ಸಹಕಾರ ಸಂಘದವರು ಅದೇ ಚೊಗರಿನಿಂದ ಕೈಮಗ್ಗದ ಬಟ್ಟೆಗೆ ಬಣ್ಣ ಹಾಕುತ್ತಾರೆ. ಮೆಟ್ಟುಗತ್ತಿಯ ಮುಂದೆ ಕೂತು ಅಡಿಕೆ ಸುಲಿಯುವವರ ಬೆರಳು ನೋಡಿದ್ದೀರಲ್ಲ, ಸೋಪಿಗೆ ಜಗ್ಗದ ಕಪ್ಪು. ಬೆರಳಿಗೆ ಹಿಡಿಯುವುದು ಕೂದಲಿಗೆ ಯಾಕೆ ಹಿಡಿಯಬಾರದು?

ತಲೆಗೇ ನೇರ ಹಚ್ಚುವ ಧೈರ್ಯ ಈ ಸಲ ಇರಲಿಲ್ಲ. ಅಮ್ಮನಿಗೆ ಎಪ್ಪತ್ತೆಂಟು, ತಲೆ ಪೂರ್ತಿ ಬೆಳ್ಳಿ. ವಾರವಿಡೀ ಅವಳ ಬಾಚಣಿಗೆಯಲ್ಲಿ ಸಿಕ್ಕಿದ್ದನ್ನು ಕೂಡಿಟ್ಟೆ.

"ನನ್ನ ಕೂದ್ಲು ಯಾಕೋ ನಿಂಗೆ? ಮಾಟ ಮಾಡಿಸ್ತೀಯ?"

"ಬಣ್ಣ ಹಾಕಿ ನೋಡ್ತೀನಮ್ಮ."

"ನನ್ ತಲೇಲಿ ಇರೋವಾಗ ಹಾಕ್ಲಿಲ್ಲ, ಉದುರಿದ್ಮೇಲೆ ಹಾಕ್ತಾನಂತೆ."

ಶಾಂಪೂ ಹಾಕಿ ಎಣ್ಣೆ ತೆಗೆದು, ಒಣಗಿಸಿ, ಕಾಯಿಲ್ ಕಟ್ಟುವ ಹತ್ತಿದಾರದಿಂದ ಹತ್ತು ಕುಚ್ಚು ಕಟ್ಟಿದೆ. ಒಂದೊಂದಕ್ಕೂ ನಂಬರಿನ ಚೀಟಿ. ಇಡೀ ಕೆಲಸದಲ್ಲಿ ನಾನು ಮಾಡಿದ ಜಾಣತನ ಇದೊಂದೇ. ಬೇರೆಯವರ ಮಾತು ನಂಬುವ ಅಗತ್ಯವೇ ಬೀಳಲಿಲ್ಲ.

ನಂ. 1 ಬರೀ ಚೊಗರು, ಎರಡು ಗಂಟೆ ನೆನೆಸಿದ್ದು. ಚೆಂದದ ಕಂದು ಬಂತು. ಒಂದೇ ಶಾಂಪೂಗೆ ಅರ್ಧ ಹೋಯಿತು. ನಂ. 3 ಗಟ್ಟಿ ಟೀ ಡಿಕಾಕ್ಷನ್, ಒಣಹುಲ್ಲಿನ ಬಣ್ಣ. ನಂ. 4 ನೆಲ್ಲಿಕಾಯಿ ಪುಡಿಯನ್ನು ಕಬ್ಬಿಣದ ಬಾಣಲೆಯಲ್ಲಿ ಕಪ್ಪಗೆ ಹುರಿದು ಕಲಸಿದ್ದು. ಹಚ್ಚಿದಾಗ ಕಾಗೆ, ತೊಳೆದಾಗ ಪಾರಿವಾಳ. ಅದು ಬಣ್ಣವೇ ಅಲ್ಲ, ಮಸಿ. ನಂ. 5 ಗರಗದ ಸೊಪ್ಪಿನ ರಸ. ಕೈಗೆ ತಾಗಿದ್ದು ಗಾಳಿಗೆ ಕಪ್ಪಾಗುತ್ತದೆ, ನೋಡಿದರೆ ಆಸೆಯಾಗುತ್ತದೆ. ಕೂದಲಿನಲ್ಲಿ ನಿಲ್ಲಲಿಲ್ಲ. ಅದರ ಎಣ್ಣೆ ಕಾಯಿಸಿ ಹಚ್ಚಿಕೊಳ್ಳುವವರು ಹಚ್ಚಿಕೊಳ್ಳಲಿ, ತಲೆಗೆ ತಂಪು. ನರೆತದ್ದು ಅದರಿಂದ ಕಪ್ಪಾಗುವುದನ್ನು ನಾನಂತೂ ಕಾಣಲಿಲ್ಲ.

ನಂ. 2ರ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಚೊಗರನ್ನು ಕಬ್ಬಿಣದ ಬಾಣಲೆಗೆ ಹಾಕಿ, ತುಕ್ಕು ಹಿಡಿದ ನಾಲ್ಕು ಬೋಲ್ಟ್, ಅರ್ಧ ಹೋಳು ನಿಂಬೆರಸ ಹಾಕಿ ರಾತ್ರಿಯಿಡೀ ಬಿಟ್ಟೆ. ಬೆಳಿಗ್ಗೆ ನೋಡಿದರೆ ಮಸಿ. ಮಸಿ ಅಂತ ಸುಮ್ನೆ ಹೇಳುತ್ತಿಲ್ಲ, ಹಿಂದೆ ಅಳಲೆಕಾಯಿ ಮತ್ತು ಅನ್ನಭೇದಿ ಎಂಬ ಕಬ್ಬಿಣದ ಲವಣ ಸೇರಿಸಿ ಬರೆಯುವ ಮಸಿ ಮಾಡುತ್ತಿದ್ದದ್ದು ಇದೇ ಲೆಕ್ಕದಲ್ಲಿ. ಒಗರಿನ ಅಂಶಕ್ಕೆ ಕಬ್ಬಿಣ ಸೇರಿದರೆ ಕಪ್ಪು. ಸುಲಿಯುವವರ ಬೆರಳು ಕಪ್ಪಾಗುವುದಕ್ಕೆ ಅಡಿಕೆಯ ಒಗರಿನ ಜೊತೆ ಮೆಟ್ಟುಗತ್ತಿಯ ಕಬ್ಬಿಣವೂ ಕಾರಣ ಅಂತ ಆಗ ಹೊಳೆಯಿತು. ಕುಚ್ಚು ನಿಜಕ್ಕೂ ಕಪ್ಪಾಯಿತು, ಸ್ವಲ್ಪ ಬೂದಿ ಕಡೆಗೆ ತಿರುಗಿದ ಕಪ್ಪು. ಎರಡು ಶಾಂಪೂ ತಡೆಯಿತು. ಆದರೆ ಮುಟ್ಟಿದರೆ ತೆಂಗಿನ ನಾರು. ಎಳೆದರೆ ಪಟಪಟ ತುಂಡಾಗುತ್ತಿತ್ತು. ಆ ಥರದ ಮಸಿ ಹಳೇ ಕಾಗದವನ್ನೇ ತಿಂದು ತೂತು ಮಾಡುತ್ತದೆ, ಕೂದಲನ್ನು ಬಿಡುತ್ತದೆಯೇ? ಚೊಗರಿನ ಕನಸು ಅಲ್ಲಿಗೆ ಬಿಟ್ಟೆ. ನಾಲ್ಕು ದಿನ ಹೋಯಿತು, ಬಾಣಲೆ ಹಾಳು ಮಾಡಿದ್ದಕ್ಕೆ ಹೆಂಡತಿಯ ಹತ್ತಿರ ಬೈಸಿಕೊಂಡದ್ದು ಬೇರೆ.

ಉಳಿದದ್ದು ಗೋರಂಟಿ ಮತ್ತು ನೀಲಿ (ಇಂಡಿಗೋ) ಗಿಡದ ಎಲೆ. ಗೋರಂಟಿಗೆ ಅಮ್ಮ ಮದರಂಗಿ ಅನ್ನುತ್ತಾಳೆ, ಪೊಟ್ಟಣದ ಮೇಲೆ ಮೆಹಂದಿ ಅಂತಿರುತ್ತದೆ, ಮೂರೂ ಒಂದೇ.

ನೀಲಿ ಹುಡುಕಿದ್ದು ಒಂದು ತಮಾಷೆ. ಗ್ರಂದಿಗೆ ಅಂಗಡಿಯಲ್ಲಿ "ನೀಲಿ ಪುಡಿ ಕೊಡಿ" ಅಂದೆ. ಬಿಳಿ ಬಟ್ಟೆಗೆ ಹಾಕುವ ನೀಲಿ ಕೊಟ್ಟರು. "ಅದಲ್ಲ, ಗಿಡದ್ದು" ಅಂದರೆ ಇನ್ನೊಬ್ಬರು ಬಟ್ಟೆಗೆ ಬಣ್ಣ ಕಟ್ಟುವ ಗಾಢ ನೀಲಿ ಬಿಲ್ಲೆ ತೋರಿಸಿದರು. ಅದು ಗಿಡದ್ದೇ, ಆದರೆ ಆಗಲೇ ಬಣ್ಣವಾಗಿ ಗಟ್ಟಿಯಾದದ್ದು, ಹಾಗೇ ನೀರಿಗೆ ಹಾಕಿದರೆ ಕೂದಲಿಗೆ ಹತ್ತುವುದಿಲ್ಲ. ನಮಗೆ ಬೇಕಾದದ್ದು ನೀಲಿ ಗಿಡದ ಒಣಗಿದ ಎಲೆಯ ಪುಡಿ. ಅದು ಹಸಿರಾಗಿರುತ್ತದೆ. ನೀಲಿ ಬಣ್ಣದ ಪುಡಿ ಕೊಟ್ಟರೆ ತಗೊಳ್ಳಬೇಡಿ. ಕೊನೆಗೆ ತಮಿಳುನಾಡಿನ ತಿಂಡಿವನಂ ಕಡೆಯಿಂದ ತರಿಸಿದೆ, ಅಲ್ಲಿ ಈಗಲೂ ನೀಲಿ ಬೆಳೆಯುತ್ತಾರೆ. 100 ಗ್ರಾಂಗೆ 140 ರೂಪಾಯಿ. ಗೋರಂಟಿ ರಾಜಸ್ಥಾನದ ಸೋಜತ್‌ನದ್ದು, 100 ಗ್ರಾಂಗೆ 70.

ಪೊಟ್ಟಣ ಬಂದ ಕೂಡಲೇ ಎರಡು ಪರೀಕ್ಷೆ ಮಾಡಿದೆ. ಒಂದು ಸಾರಿ ಸುಟ್ಟುಕೊಂಡವನಲ್ಲವೇ. ಗೋರಂಟಿಯನ್ನು ಒಂದು ಚಮಚ ಕಲಸಿ ಬಿಳಿ ಟಿಶ್ಯೂ ಮೇಲೆ ಇಟ್ಟೆ. ಸುತ್ತ ಹರಡುವ ಒದ್ದೆ ಗುರುತು ಕಂದು, ಕಿತ್ತಳೆ ಇರಬೇಕು. ಗಿಳಿಹಸಿರು ಹರಡಿದರೆ ಪುಡಿ ತಾಜಾ ಕಾಣಲಿ ಅಂತ ಬಣ್ಣ ಬೆರೆಸಿದ್ದಾರೆ ಅಂತಲೇ. ಇನ್ನೊಂದು ಚಮಚ ಗಾಜಿನ ಲೋಟದ ನೀರಿಗೆ ಹಾಕಿ ಅಲ್ಲಾಡಿಸಿ ಬಿಟ್ಟೆ. ತಳದಲ್ಲಿ ಮರಳು ಕೂತರೆ ತೂಕಕ್ಕೆ ಸೇರಿಸಿದ್ದು. ನನ್ನದರಲ್ಲಿ ಚೂರೇ ಚೂರು ಇತ್ತು, ತಾಮ್ರದ ತಂತಿ ತೂಗುವ ತಕ್ಕಡಿಗೂ ಸಿಗಲಿಲ್ಲ. ಆಮೇಲೆ ಎರಡನ್ನೂ ಕಲಸಿ ಮೊಣಕೈ ಒಳಮೈಗೆ ಬಟಾಣಿಯಷ್ಟು ಹಚ್ಚಿ, ತೊಳೆದು, 48 ಗಂಟೆ ಕಾದೆ. ಕಿತ್ತಳೆ ಚುಕ್ಕೆ ಬಿಟ್ಟರೆ ಏನೂ ಇಲ್ಲ. ಇನ್ನೊಂದು ಗುರುತು ನೆನಪಿಡಿ. ಗೋರಂಟಿ ಹತ್ತೇ ನಿಮಿಷದಲ್ಲಿ ಕಪ್ಪು ಕೊಡುವುದಿಲ್ಲ. ಕೊಡುತ್ತೇನೆ ಅಂದರೆ ಅದರಲ್ಲಿ ಬೇರೆ ಏನೋ ಇದೆ.

ಉಳಿದ ಐದು ಕುಚ್ಚುಗಳ ಫಲ ಏಪ್ರಿಲ್ 27ಕ್ಕೆ ಬರೆದದ್ದು ಹೀಗಿದೆ. ನಂ. 6 ಬರೀ ಗೋರಂಟಿ: ಒಲೆಯ ಕೆಂಡ. ನಂ. 7 ಬರೀ ನೀಲಿ: ಪಾಚಿ ಕಟ್ಟಿದ ನೀಲಿಬೂದಿ, ನೋಡಲಾಗುವುದಿಲ್ಲ. ನಂ. 8 ಎರಡನ್ನೂ ಸಮಸಮ ಬೆರೆಸಿ ಒಂದೇ ಸಲ: ಕಾಫಿ ಬೀಜದ ಕಂದು, ಚೆನ್ನಾಗಿದೆ. ನಂ. 9 ಮೊದಲು ಗೋರಂಟಿ, ತೊಳೆದು ಆಮೇಲೆ ನೀಲಿ: ಕಪ್ಪು. ಬಿಸಿಲಿಗೆ ಹಿಡಿದರೆ ತುಸು ನೀಲಿ ಮಿಂಚು, ಅಷ್ಟೇ. ನಂ. 10 ಅದೇ ಕ್ರಮ, ಆದರೆ ಕಲಸಿ ಎರಡು ಗಂಟೆ ಇಟ್ಟ ನೀಲಿ: ಕೆಂಪು ಕೆಂಪಾಗಿಯೇ ಉಳಿದ ಕಂದು.

9 ಮತ್ತು 10ನ್ನು ಪಕ್ಕಪಕ್ಕ ಇಟ್ಟು ನೋಡುತ್ತಾ ಕೂತೆ. ಪುಡಿ ಅದೇ, ತೂಕ ಅದೇ, ಕೂದಲು ಅದೇ. ಬೇರೆಯಾದದ್ದು ಗಡಿಯಾರ ಮಾತ್ರ.

ಕಾರಣ ತಿಳಿದ ಮೇಲೆ ಸರಿಹೋಯಿತು. ಗೋರಂಟಿಯ ಬಣ್ಣಕ್ಕೆ ಲಾಸೋನ್ ಅಂತ ಹೆಸರು. ಅದು ನಿಧಾನಕ್ಕೆ ಎಲೆಯಿಂದ ಬಿಟ್ಟುಕೊಂಡು ಕೂದಲಿನ ಕೆರಾಟಿನ್ ಅನ್ನುವ ಪ್ರೋಟೀನಿಗೆ ಅಂಟುತ್ತದೆ. ಅದಕ್ಕೆ ನಿಂಬೆಯಂಥ ಹುಳಿ ಇಷ್ಟ, ಕಲಸಿ ಕೆಲವು ಗಂಟೆ ಹಾಗೇ ಬಿಡಬೇಕು. ನೀಲಿಯದು ಉಲ್ಟಾ. ಎಲೆಯಲ್ಲಿ ನೀಲಿ ಬಣ್ಣ ಇರುವುದೇ ಇಲ್ಲ, ಇಂಡಿಕಾನ್ ಅನ್ನುವ ಬಣ್ಣವಿಲ್ಲದ ವಸ್ತು ಇರುತ್ತದೆ. ನೀರು ಬಿದ್ದ ಕೂಡಲೇ ಎಲೆಯ ಕಿಣ್ವವೇ ಅದನ್ನು ಒಡೆದು ಇಂಡಾಕ್ಸಿಲ್ ಮಾಡುತ್ತದೆ. ಅದು ಗಾಳಿಗೆ ಸಿಕ್ಕಿ ಎರಡೆರಡು ಕೂಡಿಕೊಂಡು ನೀಲಿಯಾಗುತ್ತದೆ. ಒಮ್ಮೆ ನೀಲಿಯಾದರೆ ನೀರಲ್ಲಿ ಕರಗುವುದಿಲ್ಲ, ಕೂದಲ ಒಳಗೆ ಹೋಗುವುದೂ ಇಲ್ಲ. ಅಂದರೆ ಆ ಕೂಡಿಕೆ ಬಟ್ಟಲಲ್ಲಿ ನಡೆಯಬಾರದು, ಕೂದಲಲ್ಲಿ ನಡೆಯಬೇಕು. ಅದಕ್ಕೇ ನೀಲಿಗೆ ನಿಂಬೆ, ಮೊಸರು ಹಾಕಬಾರದು, ಕುದಿಯುವ ನೀರೂ ಬೇಡ, ಕಿಣ್ವ ಕೆಲಸ ಮಾಡುವುದಿಲ್ಲ. ವಾರ್ನಿಶ್ ಅದ್ದುವವನಿಗೆ ಈ ಮಾತು ಅರ್ಥವಾಗುತ್ತದೆ. ಡಬ್ಬಿಯಲ್ಲೇ ಗಟ್ಟಿಯಾದ ವಾರ್ನಿಶ್ ಕಾಯಿಲ್ ಒಳಗೆ ಇಳಿಯುವುದಿಲ್ಲ.

ಮೇ 11, ಭಾನುವಾರ. ತಲೆಗೆ ಹಚ್ಚುವ ದಿನ.

ಬೆಳಿಗ್ಗೆ 5ಕ್ಕೆ 60 ಗ್ರಾಂ ಗೋರಂಟಿಗೆ ಸುಮಾರು 220 ಮಿಲಿ ಉಗುರುಬೆಚ್ಚಗಿನ ನೀರು, ಎರಡು ಚಮಚ ನಿಂಬೆರಸ. ದೋಸೆಹಿಟ್ಟಿಗಿಂತ ಸ್ವಲ್ಪ ಗಟ್ಟಿ. ಮುಚ್ಚಿ ಅಡುಗೆಮನೆಯಲ್ಲಿ ಇಟ್ಟೆ. ಚಳಿಗಾಲವಾದರೆ ರಾತ್ರಿಯೇ ಕಲಸಬೇಕು. ಮೇ ತಿಂಗಳ ಸೆಕೆಗೆ ನಾಲ್ಕು ಗಂಟೆ ಸಾಕಾಯಿತು. ಆಯಿತೋ ಇಲ್ಲವೋ ನೋಡುವುದು ಸುಲಭ. ಮೇಲ್ಪದರ ಕಂದಾಗಿರುತ್ತದೆ, ಚಮಚದಿಂದ ಕೆದಕಿದರೆ ಒಳಗೆ ಹಸಿರು. ಅಂಗೈಗೆ ಚೂರು ಇಟ್ಟು ಐದು ನಿಮಿಷಕ್ಕೆ ಒರೆಸಿದರೆ ಕಿತ್ತಳೆ ಕಲೆ ಬೀಳಬೇಕು.

ತಲೆಗೆ ಹಿಂದಿನ ದಿನವೇ ಶಾಂಪೂ ಆಗಿತ್ತು. ಕೂದಲಿಗೆ ಎಣ್ಣೆ ಇಲ್ಲ, ಕಂಡೀಶನರ್ ಇಲ್ಲ. ಹಣೆ, ಕಿವಿ, ಕುತ್ತಿಗೆಯ ಅಂಚಿಗೆ ಮಾತ್ರ ಹರಳೆಣ್ಣೆ. 9 ಗಂಟೆಗೆ ಹಿತ್ತಲ ಕಲ್ಲಿನ ಮೇಲೆ ಕೂತೆ. ಹೆಂಡತಿ ಕೈಗವಸು ಹಾಕಿ, ಬಾಚಣಿಗೆಯ ತುದಿಯಿಂದ ಬೈತಲೆ ಬೈತಲೆ ತೆಗೆದು ಬುಡಕ್ಕೆ ಹಚ್ಚಿದಳು. ನಾನಾಗಿದ್ದರೆ ಸಿಮೆಂಟ್ ಮೆತ್ತಿದ ಹಾಗೆ ಮೆತ್ತುತ್ತಿದ್ದೆ. ಮೇಲೆ ಮುಚ್ಚಲು ಪ್ಲಾಸ್ಟಿಕ್ ಬೇಡ ಅಂತ ಬಾಳೆಲೆ ಬಾಡಿಸಿ ಕಟ್ಟಿಕೊಂಡೆ. ಅರ್ಧ ಗಂಟೆಗೆ ಸೀಳಿ ಕುತ್ತಿಗೆಗುಂಟ ಹಸಿರು ಇಳಿಯಿತು. ಹಾಲಿನ ಕವರನ್ನೇ ಕತ್ತರಿಸಿ ಹಾಕಿದೆವು.

12ಕ್ಕೆ ತೊಳೆದೆ. ಬರೀ ನೀರು. ಒಂದು ಬಕೆಟ್‌ನಲ್ಲಿ ತಲೆ ಮುಳುಗಿಸಿ ಅಲ್ಲಾಡಿಸುವುದು ಒಳ್ಳೆಯದು, ನಲ್ಲಿಯ ಕೆಳಗೆ ನಿಂತರೆ ಪುಡಿ ಹೋಗುವುದೇ ಇಲ್ಲ. ಕನ್ನಡಿ ನೋಡಿದರೆ ಮುತ್ತುಗದ ಹೂವು. ಆ ಹೊತ್ತಿಗೇ ಪಕ್ಕದ ಮನೆಯವರು ಮಿಕ್ಸಿ ಹಿಡಿದುಕೊಂಡು ಬಂದರು. ಏನೂ ಕೇಳಲಿಲ್ಲ, ಮಿಕ್ಸಿ ಇಟ್ಟು ಹೋದರು.

ಇನ್ನು ನೀಲಿ. 80 ಗ್ರಾಂ ಬೇಕು ಅಂತ ಲೆಕ್ಕ ಹಾಕಿದ್ದೆ, ಗೋರಂಟಿಗಿಂತ ಸ್ವಲ್ಪ ಜಾಸ್ತಿಯೇ ಇರಲಿ ಅಂತ. ಅದನ್ನು ಒಟ್ಟಿಗೆ ಕಲಸಲಿಲ್ಲ. ಹೆಂಡತಿಗೆ ಇಡೀ ತಲೆ ಮುಗಿಸಲು ಬೆಳಿಗ್ಗೆ 35 ನಿಮಿಷ ಹಿಡಿದಿತ್ತು. ಅಷ್ಟರಲ್ಲಿ ಕೊನೆಯ ಪಾಲು ನಂ. 10ರ ಗತಿಯಾಗುತ್ತದೆ. ಅದಕ್ಕೇ 40, 40 ಗ್ರಾಂ ಎರಡು ಬಟ್ಟಲು. ಬೆರಳು ಇಟ್ಟರೆ ಹಿತವಾಗುವಷ್ಟು ಬಿಸಿನೀರು, ಮೊಸರಿನಷ್ಟು ತೆಳು. ಚಿಟಿಕೆ ಉಪ್ಪು ಹಾಕಬೇಕು ಅನ್ನುತ್ತಾರೆ. ಒಂದು ಬಟ್ಟಲಿಗೆ ಹಾಕಿದೆ, ಇನ್ನೊಂದಕ್ಕೆ ಹಾಕಲಿಲ್ಲ. ತಲೆಯ ಎರಡು ಬದಿಯಲ್ಲಿ ವ್ಯತ್ಯಾಸ ನನಗೆ ಕಾಣಲಿಲ್ಲ.

ಕಲಸಿದ ಮೇಲೆ ಬಟ್ಟಲನ್ನೇ ನೋಡುತ್ತಾ ಕೂರಬೇಕು. ಮೊದಲು ಪಾಲಕ್ ಸೊಪ್ಪಿನ ಹಸಿರು. ಆರೇಳು ನಿಮಿಷಕ್ಕೆ ಅಂಚಿನಲ್ಲಿ ಕಪ್ಪು ಛಾಯೆ. ಹತ್ತನೇ ನಿಮಿಷಕ್ಕೆ ಮೇಲೆ ತೆಳ್ಳನೆ ನೇರಳೆಯ ಪೊರೆ, ಮಳೆಗಾಲದಲ್ಲಿ ರಸ್ತೆಯ ನೀರಿನ ಮೇಲೆ ಡೀಸೆಲ್ ಬಿದ್ದ ಹಾಗೆ ಮಿರಮಿರ. ಚಮಚ ಆಡಿಸಿದರೆ ಪೊರೆ ಒಡೆದು ಕೆಳಗೆ ಮತ್ತೆ ಹಸಿರು. ಅದೇ ಹೊತ್ತು. ತಕ್ಷಣ ಹಚ್ಚಬೇಕು. ವಾಸನೆ ಮಾತ್ರ ಗೊಬ್ಬರದ ಗುಂಡಿಗೆ ಹಾಕಿದ ಹಸಿ ಸೊಪ್ಪಿನದ್ದು. ಅಮ್ಮ ಮೂಗು ಮುಚ್ಚಿಕೊಂಡು ಒಳಗೆ ಹೋದಳು.

ಒಂದು ಬಟ್ಟಲು ಮುಗಿಯುವ ಹೊತ್ತಿಗೆ ಮಗಳು ಎರಡನೆಯದಕ್ಕೆ ನೀರು ಹಾಕಿದಳು. ಮುಚ್ಚಿ ಒಂದೂವರೆ ಗಂಟೆ. ಒಣಗಲು ಬಿಡಬಾರದು, ಒಣಗಿದ ಕಡೆ ಬಣ್ಣ ಹಿಡಿಯುವುದಿಲ್ಲ, ತೊಳೆಯುವಾಗ ಕೂದಲೂ ಕಿತ್ತು ಬರುತ್ತದೆ. ಹಾಲಿನ ಕವರು ಇಲ್ಲಿ ಕೆಲಸಕ್ಕೆ ಬಂತು.

ಈಗ ಮೀಸೆಯ ವಿಷಯ. ಬೆಳಿಗ್ಗೆ ಗೋರಂಟಿ ಹಚ್ಚುವಾಗ ಮೀಸೆ ಬಿಟ್ಟಿದ್ದೆವು. ಮೂರು ಗಂಟೆ ಬಾಯಿ ಮುಚ್ಚಿ ಕೂರಲು ನನ್ನಿಂದ ಆಗುವುದಿಲ್ಲ, ಕಾಫಿ ಬೇಕು. ಮಧ್ಯಾಹ್ನ ಬಟ್ಟಲಿನ ತಳದಲ್ಲಿ ಸ್ವಲ್ಪ ನೀಲಿ ಉಳಿಯಿತು. ದಂಡ ಯಾಕೆ ಮಾಡಬೇಕು ಅಂತ ಮೀಸೆಗೆ ಬಳಿದುಕೊಂಡೆ. ನಂ. 7ರ ಕುಚ್ಚು ಕಿಟಕಿಯಲ್ಲೇ ನೇತಾಡುತ್ತಿತ್ತು. ನಾನೇ ಕೈಯಾರೆ 'ನೋಡಲಾಗುವುದಿಲ್ಲ' ಅಂತ ಬರೆದಿದ್ದೆ. ಆದರೂ ಬಳಿದುಕೊಂಡೆ.

"ಅಯ್ಯೋ, ಮೀಸೆ ಹಸ್ರಾಗಿದೆ ಕಣ್ರೀ!"

ತಲೆಯೂ ಆಗ ಪೂರ್ತಿ ಕಪ್ಪಿರಲಿಲ್ಲ. 3 ಗಂಟೆಗೆ ತೊಳೆದಾಗ ಹಸಿರು ಬೆರೆತ ಕಪ್ಪು. ಅದು ಗಾಳಿಯಲ್ಲಿ ಇನ್ನೂ ಮಾಗುತ್ತದೆ, ಎರಡು ದಿನ ಶಾಂಪೂ ಮುಟ್ಟಬಾರದು ಅಂತ ಕುಚ್ಚಿನಿಂದ ಗೊತ್ತಿತ್ತು. ಆದರೆ ಮೀಸೆಗೆ ಕೆಳಗೆ ಕೆಂಪೇ ಇಲ್ಲ, ಮಾಗಿದರೂ ನೀಲಿಯೇ. ಸೋಮವಾರ ಅಂಗಡಿಗೆ ಮಾಸ್ಕ್ ಹಾಕಿಕೊಂಡು ಹೋದೆ. ಶೀತ ಅಂದೆ. ಎರಡು ಗಿರಾಕಿಗಳು ಕಷಾಯದ ವಿಧಾನ ಹೇಳಿದರು.

ರಿಪೇರಿ ಸೋಮವಾರ ರಾತ್ರಿ. ಉಳಿದ ಗೋರಂಟಿ ಫ್ರಿಜ್ಜಿನಲ್ಲಿತ್ತು. ಅದನ್ನು ಹಸಿರಿನ ಮೇಲೇ ಹಚ್ಚಿ ಎರಡು ಗಂಟೆ ಮೌನವ್ರತ. ತೊಳೆದಾಗ ಕಂದು ಕಪ್ಪು, ತಲೆಗೆ ಹೊಂದುವಷ್ಟು. ಕ್ರಮ ತಿರುಗಿದರೂ ಕೆಂಪು ಸೇರಿದರೆ ಹಸಿರು ಅಡಗುತ್ತದೆ. ಹಾಗಾಗಿ ಯಾರಿಗಾದರೂ ಹೀಗಾದರೆ ಬೋಳಿಸಬೇಡಿ.

ಮೇ 14ಕ್ಕೆ ತಲೆ ಕಪ್ಪು. ಅಂಗಡಿಯ ಡೈನ ಬೂಟ್‌ಪಾಲಿಶ್ ಕಪ್ಪಲ್ಲ. ಬುಡದಲ್ಲಿ ಒಂದೊಂದು ಎಳೆ ಕಂದು, ಅದರಿಂದಲೇ ನಿಜವಾದ ಕೂದಲಿನ ಹಾಗೆ ಕಾಣುತ್ತದೆ. ಕಿವಿಯ ಮೇಲಿನ ಒರಟು ನರೆ ಮಾತ್ರ ಸರಿ ಹಿಡಿಯಲಿಲ್ಲ. ಅಲ್ಲಿಗೆ ಮುಂದಿನ ಭಾನುವಾರ 15 ಗ್ರಾಂ ನೀಲಿ ಇನ್ನೊಮ್ಮೆ ಹಚ್ಚಿದ ಮೇಲೆ ಸರಿಯಾಯಿತು. ದಿಂಬಿನ ಕವರು ಒಂದು ವಾರ ನೀಲಿ, ಬೆವರಿದಾಗ ಕಾಲರೂ. ಬಿಳಿ ಅಂಗಿ ದೂರ ಇಡಿ. ಬಚ್ಚಲಿನ ಬಿಳಿ ಟೈಲ್ಸ್ ಮೇಲಿನ ಕಲೆ ಆಗಲೇ ಉಜ್ಜಿದರೆ ಹೋಗುತ್ತದೆ, ನಾಳೆ ಅಂದರೆ ಹೋಗುವುದಿಲ್ಲ. ಇನ್ನೊಂದು ಮಾತು, ಮುಂದೆ ಸೆಲೂನಿನಲ್ಲಿ ಬ್ಲೀಚ್ ಮಾಡಿಸಿ ಬೇರೆ ಬಣ್ಣ ಹಾಕಿಸುವ ಆಸೆ ಇರುವವರು ನೀಲಿ ಮುಟ್ಟಬೇಡಿ. ಬ್ಲೀಚಿಗೆ ಅದು ಹೋಗದೆ ಹಸಿರಿಗೆ ತಿರುಗಬಹುದು. ನನಗೆ ಆ ಚಿಂತೆ ಇಲ್ಲ.

ಉಪನಯನದಲ್ಲಿ ಯಾರೂ ಏನೂ ಕೇಳಲಿಲ್ಲ. ತಂಗಿ ಮಾತ್ರ ಹತ್ತಿರ ಬಂದು ಮೂಸಿ, "ಅಣ್ಣ, ಹುಲ್ಲು ಹೊರೆ ಹೊತ್ಕೊಂಡ್ ಬಂದ್ಯಾ?" ಅಂದಳು.

ಜೂನ್ 8ಕ್ಕೆ ಬುಡದಲ್ಲಿ ಅರ್ಧ ಇಂಚು ಬಿಳಿ. ಇನ್ನು ಇಡೀ ತಲೆಗೆ ಬೇಡ, ಬುಡಕ್ಕಷ್ಟೇ: ಗೋರಂಟಿ 25, ನೀಲಿ 40 ಗ್ರಾಂ, ನಾಲ್ಕು ವಾರಕ್ಕೊಮ್ಮೆ, ಮೀಸೆಗೂ ಎರಡೂ, ಕ್ರಮವಾಗಿ. ನೀಲಿಯನ್ನು ಆಗಾಗಲೇ ಕಲಸಬೇಕು. ಪೊಟ್ಟಣ ಒಡೆದ ಮೇಲೆ ಗಾಳಿ ಆಡದ ಡಬ್ಬಿಯಲ್ಲಿ, ಬಿಸಿಲಿಗೆ ಸಿಗದ ಕಡೆ. ಗೋರಂಟಿಯನ್ನು ಮಾತ್ರ ಒಟ್ಟಿಗೆ ಕಲಸಿ, ಬಣ್ಣ ಬಿಟ್ಟ ಮೇಲೆ ಪಾಲು ಮಾಡಿ ಫ್ರೀಜರಿನಲ್ಲಿ ಇಡಬಹುದು. ಈಗ ಮೂರು ಡಬ್ಬಿ ಇವೆ. ಒಂದನ್ನು ಅಮ್ಮ ಕರಗಿಸಿ ದೋಸೆಯ ಪಕ್ಕಕ್ಕೆ ಬಡಿಸಿಬಿಟ್ಟಿದ್ದಳು. ಅವತ್ತಿನಿಂದ ಮುಚ್ಚಳದ ಮೇಲೆ ಹೆಂಡತಿಯ ಅಕ್ಷರದಲ್ಲಿ 'ಚಟ್ನಿ ಅಲ್ಲ' ಅಂತಿದೆ.